ಆ ಒಂದು ವರ್ಷ ನಾನು ಫುಟ್ಬಾಲ್ ಲೀಗಿನ ಸೆಕ್ರೆಟರಿ

ಹಿಂದಿನ ಸಂಚಿಕೆಯಲ್ಲಿ ಸಹಕಾರಿ ಸಂಘದ ಲೆಕ್ಕದ ಬಗ್ಗೆ ಉತ್ತರ ಬರೆಯುವಾಗ ಮಾತಿಗೆ ಮಾತು ಬಂತು. '2018ರಲ್ಲಿ ಆಸ್ಟ್ರೇಲಿಯಾದ ಹಳ್ಳಿಗಾಡಿನ ಒಂದು ಫುಟ್ಬಾಲ್ ಲೀಗಿಗೆ ನಾನು ಸೆಕ್ರೆಟರಿಯಾಗಿದ್ದೆ' ಎಂದು ಒಂದೇ ಒಂದು ಸಾಲು ಬರೆದುಬಿಟ್ಟೆ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಬಡ್ಡಿ, ಠೇವಣಿ ಎಂದು ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ.

ಉಡುಪಿಯ ಹೆಂಗಸೊಬ್ಬರು ಆಸ್ಟ್ರೇಲಿಯಾದಲ್ಲಿ ಫುಟ್ಬಾಲ್ ಲೀಗ್ ನಡೆಸಿದರು ಎಂದರೆ ನಂಬುವುದು ಹೇಗೆ? ನಿಮ್ಮನ್ನು ಯಾರು ಸೇರಿಸಿಕೊಂಡರು?
— ಓದುಗರು, ಕಲ್ಯಾಣಪುರ

ನನಗೂ ನಂಬಿಕೆ ಬಂದಿರಲಿಲ್ಲ. ನಮ್ಮ ಯಜಮಾನರು ಡಾಕ್ಟರು. ವಿಕ್ಟೋರಿಯಾ ರಾಜ್ಯದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ. ಮೆಲ್ಬರ್ನಿನಿಂದ ಕಾರಿನಲ್ಲಿ ನಾಲ್ಕು ಗಂಟೆ. ಸುತ್ತ ಗೋಧಿ ಹೊಲ, ಕುರಿ, ಮತ್ತೆ ಗೋಧಿ ಹೊಲ. ಉಡುಪಿಯಲ್ಲಿ ಹದಿನಾಲ್ಕು ವರ್ಷ ಲೆಕ್ಕ ಬರೆದವಳು ಅಲ್ಲಿ ಸುಮ್ನೆ ಕಿಟಕಿ ನೋಡುತ್ತಾ ಕೂತಿದ್ದೆ. ಪಕ್ಕದ ಮನೆಯ ಅಜ್ಜಿ ಒಂದು ದಿನ ಬಂದು, ನಿನಗೆ ಎಕ್ಸೆಲ್ ಬರುತ್ತದಾ ಎಂದು ಕೇಳಿದರು. ಬರುತ್ತದೆ ಎಂದೆ. ಅಷ್ಟೇ ನಾನು ಮಾಡಿದ ತಪ್ಪು.

ನವೆಂಬರಿನ ಮಹಾಸಭೆಯಲ್ಲಿ ಹಳೆಯ ಸೆಕ್ರೆಟರಿ ಎದ್ದು, ಇನ್ನು ನನ್ನಿಂದ ಆಗುವುದಿಲ್ಲ ಎಂದರು. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಶೂ ನೋಡತೊಡಗಿದರು. ನಮ್ಮಲ್ಲಿ ಬ್ರಹ್ಮಕಲಶದ ಸಮಿತಿಗೆ ಖಜಾಂಚಿ ಬೇಕು ಎಂದಾಗ ಆಗುತ್ತದಲ್ಲ, ಅದೇ ಮೌನ. ಅಜ್ಜಿ ನನ್ನ ಕೈ ಹಿಡಿದು ಮೇಲೆತ್ತಿದರು. ಚಪ್ಪಾಳೆ ಬಿತ್ತು. ಸಂಬಳ ಇಲ್ಲ, ಪೆಟ್ರೋಲಿಗೆ ಒಂದಿಷ್ಟು ಹಣ, ಜೊತೆಗೆ ಲೀಗಿನ ಒಂದು ಹಳೆಯ ಲ್ಯಾಪ್‌ಟಾಪ್.

ಅಲ್ಲಿನ ಫುಟ್ಬಾಲ್ ನಮ್ಮ ಫುಟ್ಬಾಲ್ ಅಲ್ಲವಂತೆ. ಮತ್ತೇನು?
— ಓದುಗರು, ಕಂಕನಾಡಿ

ನಾನೂ ನೆಹರೂ ಮೈದಾನದ ಉರುಟು ಚೆಂಡು ಅಂದುಕೊಂಡೇ ಹೋದವಳು. ಅಲ್ಲಿನದು 'ಆಸ್ಟ್ರೇಲಿಯನ್ ರೂಲ್ಸ್' ಫುಟ್ಬಾಲ್. ಚೆಂಡು ಮೊಟ್ಟೆಯ ಹಾಗೆ, ಮೈದಾನವೂ ಮೊಟ್ಟೆಯ ಹಾಗೆ. ಬೇಸಿಗೆಯಲ್ಲಿ ಅದೇ ಮೈದಾನದಲ್ಲಿ ಕ್ರಿಕೆಟ್. ಒಂದು ತಂಡಕ್ಕೆ 18 ಜನ. ಚೆಂಡನ್ನು ಹಿಡಿಯಬಹುದು, ಹಿಡಿದು ಓಡಬಹುದು, ಒದೆಯಬಹುದು. ಎಸೆಯುವ ಹಾಗಿಲ್ಲ, ಒಂದು ಅಂಗೈಯಲ್ಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಿ ಕೊಡಬೇಕು.

ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಪಕ್ಕದ ಸಂದಿಯಲ್ಲಿ ಹೋದರೆ 'ಬಿಹೈಂಡ್', 1 ಅಂಕ. ಗುರಿ ತಪ್ಪಿದವನನ್ನೂ ಬರಿಗೈಯಲ್ಲಿ ಕಳಿಸದ ಈ ಧಾರಾಳ ನನಗೆ ತುಂಬಾ ಹಿಡಿಸಿತು. ಆ ಒಂದು ಅಂಕವನ್ನು ಸಣ್ಣದು ಎನ್ನಬೇಡಿ. ನಾನು ಸೆಕ್ರೆಟರಿಯಾಗಿದ್ದ ವರ್ಷವೇ, ಸೆಪ್ಟೆಂಬರ್ 29ರಂದು, ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ದೇಶದ ದೊಡ್ಡ ಲೀಗಿನ ಫೈನಲ್. ವೆಸ್ಟ್ ಕೋಸ್ಟ್ 11 ಗೋಲು, ಕಾಲಿಂಗ್‌ವುಡ್ ಕೂಡ 11 ಗೋಲು. ಬಿಹೈಂಡ್ ಮಾತ್ರ ವೆಸ್ಟ್ ಕೋಸ್ಟಿನದು 13, ಕಾಲಿಂಗ್‌ವುಡ್ಡಿನದು 8. 79ಕ್ಕೆ 74. ಐದು ಬಿಹೈಂಡ್ ಜಾಸ್ತಿ ಇದ್ದವರು ಕಪ್ ಎತ್ತಿದರು!

ಇನ್ನೊಂದು ಮಾತು. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡವಾಗಬಾರದು, ಫುಟ್ಬಾಲ್ ಕ್ಲಬ್ ಕಟ್ಟಿ ಎಂದು 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ ಒಂದು ಪತ್ರಿಕೆಗೆ ಪತ್ರ ಬರೆದರು. ಮರುವರ್ಷ ಮೆಲ್ಬರ್ನಿನಲ್ಲಿ ನಿಯಮ ಬರೆದಾಯಿತು. ಓದುಗರ ಪತ್ರವೆಂದರೆ ನಮ್ಮ ಸಂಪಾದಕರು ಇನ್ನಾದರೂ ಸ್ವಲ್ಪ ಗೌರವ ಇಟ್ಟುಕೊಳ್ಳಲಿ.

ನಮ್ಮೂರಿನ ಕಬಡ್ಡಿ ಲೀಗಿಗೆ ನಾನೇ ಪಂದ್ಯಗಳ ಪಟ್ಟಿ ಮಾಡುವವನು. ಪ್ರತಿ ವರ್ಷ ಬೈಗಳು. ನೀವು ಹೇಗೆ ಮಾಡಿದಿರಿ?
— ಓದುಗರು, ಕಾರ್ಕಳ

ನನಗೂ ಬೈಗಳೇ ಸಿಕ್ಕಿತು, ಸಮಾಧಾನ ಮಾಡಿಕೊಳ್ಳಿ.

ಹತ್ತು ಕ್ಲಬ್. ಪ್ರತಿಯೊಬ್ಬರೂ ಉಳಿದ ಒಂಬತ್ತು ಜನರ ಜೊತೆ ಎರಡೆರಡು ಸಲ ಆಡಬೇಕು, ಒಮ್ಮೆ ತಮ್ಮೂರಲ್ಲಿ, ಒಮ್ಮೆ ಅವರೂರಲ್ಲಿ. ಅಂದರೆ 18 ಶನಿವಾರ. ಏಪ್ರಿಲಿನಲ್ಲಿ ಶುರುವಾದರೆ ಆಗಸ್ಟ್‌ವರೆಗೆ. ಆಮೇಲೆ ಮೊದಲ ಐದು ತಂಡಗಳಿಗೆ ನಾಲ್ಕು ವಾರದ ಫೈನಲ್ಸ್. ಎಕ್ಸೆಲ್‌ನಲ್ಲಿ ಇದು ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ನವೆಂಬರಿನಲ್ಲಿ ಶುರು ಮಾಡಿದ್ದು ಮುಗಿದದ್ದು ಫೆಬ್ರವರಿಯಲ್ಲಿ.

ಯಾಕೆ ಗೊತ್ತಾ? ಒಂದು ಊರಿಗೆ ಗೋಧಿ ಬಿತ್ತನೆಯ ವಾರಗಳಲ್ಲಿ ತಮ್ಮಲ್ಲಿ ಪಂದ್ಯ ಬೇಡ, ಗೇಟಿನಲ್ಲಿ ಕೂರಲು ಜನ ಇರುವುದಿಲ್ಲ. ಇನ್ನೊಂದು ಊರಿನಲ್ಲಿ ಆ ಶನಿವಾರ ಕುದುರೆ ರೇಸು. ಏಪ್ರಿಲ್ 25 ಆನ್ಜಾಕ್ ದಿನ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಆ ವಾರದ ಪಂದ್ಯಕ್ಕೆ ಬ್ಯೂಗಲ್ ಊದುವವರು ಬೇಕು, ಇಡೀ ತಾಲೂಕಿಗೆ ಇದ್ದದ್ದು ಇಬ್ಬರು. ಜೂನ್‌ನಲ್ಲಿ ಆಗ ರಾಣಿಯ ಹುಟ್ಟುಹಬ್ಬದ (ಈಗ ರಾಜನದು) ಮೂರು ದಿನದ ರಜೆ, ಮೆಲ್ಬರ್ನ್ ಸೇರಿದ ಮಕ್ಕಳೆಲ್ಲ ಊರಿಗೆ ಬರುತ್ತಿದ್ದರು. ಆ ಶನಿವಾರ ಪಕ್ಕದೂರಿನ ಹಳೆಯ ವೈರಿಯ ಜೊತೆ, ತಮ್ಮದೇ ಮೈದಾನದಲ್ಲಿ ಆಡಬೇಕೆಂದು ಹತ್ತೂ ಕ್ಲಬ್ಬಿಗೆ ಆಸೆ. ಐದು ಮೈದಾನಕ್ಕೆ ಹತ್ತು ಯಜಮಾನರು!

ಆಗ ನನಗೆ ನಮ್ಮ ಕಂಬಳದ ನೆನಪಾಯಿತು. ಇಡೀ ಋತುವಿನ ದಿನಾಂಕವನ್ನು ಮೊದಲೇ ಕೂತು ಹಂಚಿಕೊಳ್ಳುತ್ತಾರಲ್ಲ. ಒಂದೇ ಶನಿವಾರ ಎರಡು ಕಡೆ ಇಟ್ಟರೆ ಕೋಣದ ಯಜಮಾನರು ಎಲ್ಲಿಗೆ ಹೋಗಬೇಕು? ಹಾಗೇ ಮಾಡಿದೆ. ಹತ್ತೂ ಕ್ಲಬ್ಬಿನವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಬೇಕಾದ ಒಂದು ದಿನ ಮತ್ತು ಬೇಡವೇ ಬೇಡ ಎನ್ನುವ ಒಂದು ದಿನ, ಎರಡೇ ಬರೆದುಕೊಡಿ ಎಂದೆ. ಮೂರನೆಯದನ್ನು ಬಾಯಲ್ಲಿ ಹೇಳಿದರೂ ಕೇಳಿಸಿಕೊಳ್ಳಲಿಲ್ಲ. ರಾಣಿಯ ಹುಟ್ಟುಹಬ್ಬಕ್ಕೆ ಚೀಟಿ ಎತ್ತಿದೆವು. ಈ ವರ್ಷ ಸಿಗದ ಐವರಿಗೆ ಮುಂದಿನ ವರ್ಷ ಎಂದು ಅಲ್ಲೇ ಬರೆದು ಸಹಿ ಹಾಕಿಸಿದೆ. ನೀವೂ ಸಹಿ ಹಾಕಿಸಿ. ಮಾತು ಮರೆತುಹೋಗುತ್ತದೆ, ಸಹಿ ಮರೆಯುವುದಿಲ್ಲ.

ಇಷ್ಟಾದರೂ ನಾನೇ ಎಡವಿದೆ. ಮೊದಲ ಎರಡು ವಾರ ಶಾಲೆಗೆ ರಜೆ ಎನ್ನುವುದನ್ನು ನೋಡಿರಲಿಲ್ಲ. ಹುಡುಗರ ತಂಡದವರೆಲ್ಲ ಅಪ್ಪ ಅಮ್ಮನ ಜೊತೆ ಸಮುದ್ರ ನೋಡಲು ಹೋಗಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಮೈದಾನದಲ್ಲಿ ಒಂಬತ್ತು ಹುಡುಗರು, ಒಬ್ಬ ಅಂಪೈರು, ಒಂದು ನಾಯಿ.

ಅಲ್ಲಿ ಸಸ್ಯಾಹಾರಿಗಳು ಏನು ತಿಂತಾರೆ?
— ಓದುಗರು, ರಥಬೀದಿ, ಉಡುಪಿ

ಬಿಸಿ ಆಲೂ ಚಿಪ್ಸ್. 22 ಶನಿವಾರವೂ. ಒಂದು ಸಲ ಗೋಳಿಬಜೆ ಮಾಡಿ ಕ್ಯಾಂಟೀನಿಗೆ ಕೊಟ್ಟೆ. ಮೀಟ್ ಪೈಗಿಂತ ಮೊದಲೇ ಖಾಲಿಯಾಯಿತು. ಅದು ನನ್ನ ವೈಯಕ್ತಿಕ ದಾಖಲೆ.

ಟೂರ್ನಮೆಂಟ್ ಅಂದರೆ ಈಗ ದುಡ್ಡು ಕೊಟ್ಟು ಹೊರಗಿನ ಆಟಗಾರರನ್ನು ತರಿಸುವುದು. ಊರಿನ ಹುಡುಗರು ಬೆಂಚಿನಲ್ಲಿ. ಅಲ್ಲಿ ಈ ಕಾಟ ಇಲ್ಲವಾ?
— ಟೆನಿಸ್ ಬಾಲ್ ಕ್ರಿಕೆಟ್ ಪ್ರೇಮಿ, ಕುಂದಾಪುರ

ಇದೆ. ಹಳ್ಳಿಯ ಕ್ಲಬ್ಬು ಪೇಟೆಯಿಂದ ಒಳ್ಳೆ ಗೋಲು ಹೊಡೆಯುವವನನ್ನು ಕರೆಸುತ್ತದೆ. ಆತ ಶನಿವಾರ ಬೆಳಿಗ್ಗೆ ಬಂದು ರಾತ್ರಿ ಹೋಗುತ್ತಾನೆ. ಅದಕ್ಕೆ ಅಲ್ಲಿ ಪಾಯಿಂಟಿನ ಲೆಕ್ಕ ಇಟ್ಟಿದ್ದಾರೆ. ಅದೇ ಕ್ಲಬ್ಬಿನಲ್ಲಿ ಬೆಳೆದ ಹುಡುಗನಿಗೆ 1 ಪಾಯಿಂಟ್. ದೊಡ್ಡ ಲೀಗಿನಲ್ಲಿ ಆಡಿ ಬಂದವನಿಗೆ ಜಾಸ್ತಿ. ತಂಡದ ಒಟ್ಟು ಪಾಯಿಂಟ್ ಇಷ್ಟೇ ಇರಬೇಕು ಎಂದು ಮಿತಿ. ಹೊರಗಿನವರನ್ನೇ ತುಂಬಿಸಿದರೆ ಮಿತಿ ದಾಟುತ್ತದೆ. ಆಟಗಾರರಿಗೆ ಕೊಡುವ ಹಣಕ್ಕೂ ಮಿತಿಯಿದೆ. ಬೇರೆ ಕ್ಲಬ್ಬಿಗೆ ಹಾರುವುದಿದ್ದರೆ ಜೂನ್ 30ರೊಳಗೆ. ಆ ರಾತ್ರಿ ನನ್ನ ಫೋನು ಚಾರ್ಜಿಗೆ ಹಾಕಿಕೊಂಡೇ ಇತ್ತು.

ಕದ್ದು ಕೊಡುವವರು ಅಲ್ಲೂ ಇದ್ದಾರೆ, ಸುಳ್ಳು ಹೇಳಲಾರೆ. ಆದರೆ ಕ್ರಿಕೆಟ್ ಕಮಿಟಿಯವರು ಪಾಯಿಂಟಿನ ಲೆಕ್ಕವನ್ನು ಒಂದು ವರ್ಷ ಪ್ರಯೋಗ ಮಾಡಬಹುದು ಅಲ್ವಾ? ಒಂದು ಹಾಳೆಯ ಕೆಲಸ.

ನಾನು ವಾಲಿಬಾಲ್ ರೆಫ್ರಿ. ಕಳೆದ ತಿಂಗಳು ಒಂದು ಪಂದ್ಯದ ಕೊನೆಗೆ ಕಾಲರ್ ಹಿಡಿದರು. ಬಿಟ್ಟುಬಿಡೋಣ ಅನಿಸುತ್ತಿದೆ. ಅಲ್ಲಿ ಅಂಪೈರುಗಳಿಗೆ ಮರ್ಯಾದೆ ಇದೆಯೇ?
— ಹೆಸರು ಬೇಡ, ಬಂಟ್ವಾಳ

ನಿಮ್ಮ ಪತ್ರ ಓದಿ ಬೇಜಾರಾಯಿತು. ಮೊದಲು ಕಮಿಟಿಗೆ ಬರಹದಲ್ಲಿ ದೂರು ಕೊಡಿ, ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ ರಾಜಿಗೆ ಒಪ್ಪಬೇಡಿ.

ಅಲ್ಲೂ ಬೇಲಿಯಾಚೆ ನಿಂತವರ ಬಾಯಿ ನಿಲ್ಲುವುದಿಲ್ಲ. ಚೆಂಡು ಹಿಡಿದವನನ್ನು ಯಾರಾದರೂ ಕೆಡವಿದರೆ ಸಾಕು, ಇಡೀ ಮೈದಾನ 'ಬಾ...ಲ್' ಎಂದು ಕೂಗುತ್ತದೆ. ಅದು ತಮಾಷೆ. ಅದು ಬೈಗಳಾದಾಗ ಕಷ್ಟ. ನಮ್ಮಲ್ಲಿ ಅಂಪೈರುಗಳಿಗೆ ಬರ. ಒಂದು ಶನಿವಾರ ಇಬ್ಬರು ಕಡಿಮೆ ಬಿದ್ದು, ಹುಡುಗರ ಪಂದ್ಯಕ್ಕೆ ಹದಿನಾರರ ಇಬ್ಬರು ಹುಡುಗಿಯರನ್ನು ಕಳಿಸಿದೆವು. ಅವರಲ್ಲಿ ಒಬ್ಬಳು ಅಳುತ್ತಾ ಮನೆಗೆ ಹೋದಳು. ಬೈದದ್ದು ಎದುರು ತಂಡದ ಹುಡುಗನ ತಾತ. ಮೈದಾನಕ್ಕೆ ನಾಲ್ಕು ವಾರ ಬರಬಾರದು ಎಂದು ಅವರಿಗೆ ನಾನೇ ಪತ್ರ ಬರೆದೆ. ಆ ತಾತ ನಮ್ಮ ಯಜಮಾನರ ಪೇಷೆಂಟು. ಮರುದಿನ ಬಿಪಿ ತೋರಿಸಲು ಬಂದು, ನಿಮ್ಮ ಹೆಂಡತಿಯಿಂದಲೇ ಏರಿದ್ದು ಎಂದರಂತೆ. ಐದನೇ ವಾರ ಆ ಹುಡುಗಿಯ ಹತ್ತಿರ ಹೋಗಿ ಕ್ಷಮೆ ಕೇಳಿದರು. ನಾನು ಕಣ್ಣಾರೆ ನೋಡಿದ್ದೇನೆ.

ಅಂಪೈರಿಗೆ ಅಲ್ಲಿ ಒಂದು ದೊಡ್ಡ ಅಧಿಕಾರವೂ ಇದೆ. ಪ್ರತಿ ಪಂದ್ಯ ಮುಗಿದ ಮೇಲೆ ಉತ್ತಮ ಮೂವರಿಗೆ 3, 2, 1 ವೋಟು ಬರೆದು ಲಕೋಟೆ ಅಂಟಿಸುತ್ತಾರೆ. ಆ ಲಕೋಟೆಗಳು ಸೆಪ್ಟೆಂಬರ್‌ವರೆಗೆ ನನ್ನ ಕಪಾಟಿನಲ್ಲಿ. ಒಡೆಯುವ ಹಾಗಿಲ್ಲ. ಊರಿನ ಅರ್ಧ ಜನ ಅದಕ್ಕೇ ನನ್ನನ್ನು ಚಹಾಕ್ಕೆ ಕರೆಯುತ್ತಿದ್ದರು. ಆ ಬಹುಮಾನ 'ಬೆಸ್ಟ್ ಅಂಡ್ ಫೇರೆಸ್ಟ್'. ಬರೀ ಆಡಿದರೆ ಸಾಲದು, ಸಭ್ಯನೂ ಆಗಿರಬೇಕು. ಆ ವರ್ಷ ಅಮಾನತಾದವನಿಗೆ ಸಿಗುವುದಿಲ್ಲ. ದೇಶದ ದೊಡ್ಡ ಲೀಗಿನಲ್ಲೇ 1997ರಲ್ಲಿ ಕ್ರಿಸ್ ಗ್ರಾಂಟ್ ಎಂಬಾತ ಎಲ್ಲರಿಗಿಂತ ಜಾಸ್ತಿ ವೋಟು ಪಡೆದರೂ ಒಂದು ಪಂದ್ಯದ ಅಮಾನತಿನಿಂದ ಅಲ್ಲಿನ ಇದೇ ಬಹುಮಾನವಾದ ಬ್ರೌನ್ಲೋ ಪದಕ ಕಳೆದುಕೊಂಡರು.

ಹೆಣ್ಣುಮಕ್ಕಳಿಗೆ ಅಲ್ಲಿ ಏನು ಕೆಲಸ? ಕ್ಯಾಂಟೀನಾ?
— ವಿದ್ಯಾರ್ಥಿನಿ, ಮಣಿಪಾಲ

ಕ್ಯಾಂಟೀನೂ ಇತ್ತು, ಆದರೆ ನಿನ್ನ ಪ್ರಶ್ನೆಯ ಮುಳ್ಳು ಅರ್ಥವಾಯಿತಮ್ಮ. ಅಲ್ಲಿನ ಹಳ್ಳಿ ಲೀಗುಗಳು ಫುಟ್ಬಾಲ್-ನೆಟ್‌ಬಾಲ್ ಲೀಗುಗಳು. ನೆಟ್‌ಬಾಲ್ ಎಂದರೆ ಬಾಸ್ಕೆಟ್‌ಬಾಲಿನ ಹಾಗಿನ, ಅಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳು ಆಡುವ ಆಟ. ಒಂದೇ ಕ್ಲಬ್ಬು, ಮೈದಾನದ ಪಕ್ಕದಲ್ಲೇ ನೆಟ್‌ಬಾಲ್ ಕೋರ್ಟು, ಒಂದು ಕಡೆ ಏಳು ಜನ. ಅದರಲ್ಲೂ ಎ, ಬಿ, ಸಿ ಎಂದು ವಿಭಾಗ, ಕಂಬಳದ ನೇಗಿಲು ಹಿರಿಯ, ನೇಗಿಲು ಕಿರಿಯದ ಹಾಗೆ. ತಂಡ ಲೆಕ್ಕ ಹಾಕಿದರೆ ಹುಡುಗಿಯರದ್ದೇ ಜಾಸ್ತಿ. ಆದರೂ ಅವರಿಗೆ ಬಟ್ಟೆ ಬದಲಿಸುವ ಕೋಣೆ ಎರಡು ಊರಿನಲ್ಲಿ ಇರಲಿಲ್ಲ. ಕಾರಿನಲ್ಲಿ ಟವೆಲ್ ಕಟ್ಟಿಕೊಂಡು ಬದಲಿಸುತ್ತಿದ್ದರು. ಪ್ರತಿ ಸಭೆಯಲ್ಲಿ ಇದನ್ನೇ ಎತ್ತುತ್ತಿದ್ದೆ. ವರ್ಷದ ಕೊನೆಗೆ ಒಂದು ಊರಿನಲ್ಲಿ ಕಟ್ಟಿದರು. ಇನ್ನೊಂದು ಊರಿನಲ್ಲಿ ಇನ್ನೂ ಚರ್ಚೆ ಆಗುತ್ತಿರಬೇಕು.

ನಮ್ಮ ಯುವಕ ಮಂಡಲಕ್ಕೆ 40 ವರ್ಷ. ಹುಡುಗರೆಲ್ಲ ಬೆಂಗಳೂರು, ದುಬೈ. ಈ ಸಲ ತಂಡ ಕಟ್ಟಲು ಜನ ಇಲ್ಲ. ಪಕ್ಕದ ಊರಿನವರು ಸೇರಿಕೊಳ್ಳಿ ಅನ್ನುತ್ತಾರೆ. ಹಿರಿಯರು ಒಪ್ಪುತ್ತಿಲ್ಲ. ಏನು ಮಾಡಲಿ?
— ಓದುಗರು, ಹೆಬ್ರಿ

ಆ ವರ್ಷ ನನ್ನ ನಿದ್ದೆ ಕೆಡಿಸಿದ್ದೂ ಇಂಥದ್ದೇ ಒಂದು ಕ್ಲಬ್ಬು.

ಸಣ್ಣ ಊರು. ಬ್ಯಾಂಕು ಮುಚ್ಚಿತ್ತು, ಶಾಲೆ ಮುಚ್ಚಿತ್ತು. ಉಳಿದದ್ದು ಗೋಧಿಯ ಕಣಜ ಮತ್ತು ಫುಟ್ಬಾಲ್ ಕ್ಲಬ್ಬು. 18 ಜನ ಬೇಕಾದ ಆಟವನ್ನು ಕನಿಷ್ಠ 14 ಜನರಿಂದ ಆಡಬಹುದು, ಅದಕ್ಕಿಂತ ಕಡಿಮೆಯಾದರೆ ಪಂದ್ಯ ಇಲ್ಲ. ಅವರ ಅಧ್ಯಕ್ಷರು ಪ್ರತಿ ಗುರುವಾರ ರಾತ್ರಿ ನನಗೆ ಫೋನ್ ಮಾಡಿ ಸಂಖ್ಯೆ ಮಾತ್ರ ಹೇಳುತ್ತಿದ್ದರು. 'ಹದಿನಾರು.' 'ಹದಿನೈದು, ಒಬ್ಬನ ಮಂಡಿ ಸರಿಯಿಲ್ಲ.' ಅವರಿಗೆ 52 ವರ್ಷ. ಎರಡು ಪಂದ್ಯಕ್ಕೆ ತಾವೇ ಜೆರ್ಸಿ ಹಾಕಿ ಇಳಿದರು. ಒಂದು ದಿನ 200 ಅಂಕಕ್ಕೂ ಮೇಲೆ ಅಂತರದಲ್ಲಿ ಸೋತರು. ಆಟ ಮುಗಿದ ಮೇಲೆ ಎಂದಿನಂತೆ ಗೆದ್ದವರಿಗೆ ತಾವೇ ಊಟ ಬಡಿಸಿದರು.

ಜುಲೈ ಸಭೆಯಲ್ಲಿ ಇವರನ್ನು ಬಿಟ್ಟುಬಿಡೋಣ ಎಂದು ಒಬ್ಬರು ಮಾತೆತ್ತಿದರು. ಲೆಕ್ಕದ ಪ್ರಕಾರ ಸರಿಯೇ. ಅಂಪೈರುಗಳ ಖರ್ಚು ನಮಗೆ ಎಲ್ಲಕ್ಕಿಂತ ದೊಡ್ಡದು, ಲೀಗಿನ ಆದಾಯ ಮುಖ್ಯವಾಗಿ ಫೈನಲ್ಸ್‌ನ ಗೇಟು. ಸೋಲುವ ಕ್ಲಬ್ಬಿನಿಂದ ಬರುವುದೇನಿಲ್ಲ. ನಾನು ಲೆಕ್ಕದವಳು, ಆದರೂ ಅಂದು ಲೆಕ್ಕದ ಹಾಳೆ ತೆಗೆಯಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದೆ: ಅವರನ್ನು ತೆಗೆದರೆ ನಮಗೆ ಒಂಬತ್ತು ತಂಡ, ಪ್ರತಿ ವಾರ ಒಬ್ಬರು ಖಾಲಿ ಕೂರಬೇಕು, ಯಾರು ಮೊದಲು ಕೂರುತ್ತೀರಿ? ಯಾರೂ ಕೈ ಎತ್ತಲಿಲ್ಲ.

ಋತು ಮುಗಿಯಿತು. ಅಕ್ಟೋಬರಿನಲ್ಲಿ ಅವರೇ 22 ಕಿಲೋಮೀಟರ್ ಆಚೆಯ ಕ್ಲಬ್ಬಿನ ಜೊತೆ ಸೇರುವ ಮಾತಿಗೆ ಕೂತರು. ನಾನು ನಡಾವಳಿ ಬರೆಯಲು ಹೋಗಿದ್ದೆ. ಹೆಸರಿನ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು. ಎರಡೂ ಊರಿನ ಹೆಸರು, ನಡುವೆ ಒಂದು ಗೀಟು. ಮೈದಾನ, ಅರ್ಧ ಪಂದ್ಯ ಅಲ್ಲಿ, ಅರ್ಧ ಇಲ್ಲಿ. ಸಾಲ ಯಾರದ್ದು ಎನ್ನುವುದೂ ಮುಗಿಯಿತು. ಜೆರ್ಸಿಯ ಬಣ್ಣಕ್ಕೆ ಬಂದಾಗ ಎರಡೂವರೆ ಗಂಟೆ. ಒಬ್ಬ ಅಜ್ಜ ಎದ್ದು ಹೊರಗೆ ಹೋದರು. ಕೊನೆಗೆ ದೇಹಕ್ಕೆ ಒಂದು ಊರಿನ ಬಣ್ಣ, ಎದೆಯ ಮೇಲಿನ ಪಟ್ಟಿಗೆ ಇನ್ನೊಂದು ಊರಿನದು ಎಂದಾಯಿತು. ಅಜ್ಜ ಕಾರಿನಲ್ಲಿ ಕೂತಿದ್ದರು. ಅಧ್ಯಕ್ಷರು ಹೋಗಿ ಹೇಳಿದರು. ಕಿಟಕಿ ಇಳಿಸಿ, ಪಟ್ಟಿ ಎಷ್ಟು ಅಗಲ ಎಂದು ಕೇಳಿದರಂತೆ.

ಹಾಗಾಗಿ ಮಾರಾಯ್ರೆ, ನಿಮ್ಮ ಹಿರಿಯರು ಯಾವುದಕ್ಕೆ ಒಪ್ಪುತ್ತಿಲ್ಲ ಎಂದು ಮೊದಲು ಕೇಳಿ. ಸೇರುವುದಕ್ಕೋ, ಹೆಸರಿಗೋ, ಬಣ್ಣಕ್ಕೋ? ಹಳೆಯ ಟ್ರೋಫಿಗಳು ಯಾರ ಕಪಾಟಿನಲ್ಲಿ ಎನ್ನುವುದನ್ನೂ ಬರೆದಿಡಿ. ಸಭೆಯನ್ನು ಎರಡೂ ಊರಿನ ನಡುವೆ, ಚಹಾ ಸಿಗುವ ಕಡೆ ಇಟ್ಟುಕೊಳ್ಳಿ. ಬಣ್ಣವನ್ನು ಕೊನೆಗೆ ತೆಗೆಯಿರಿ. ಮತ್ತೆ ಆ ದಿನ ಮಧ್ಯಾಹ್ನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.