ಪೊಲೀಸ್ ತರಬೇತಿಗೆ ಹೊರಟವರೇ, ಮೊದಲು ಕಾಲು ನೋಡಿಕೊಳ್ಳಿ

ಈ ಸಲದ ಪತ್ರಗಳಲ್ಲಿ ಪೊಲೀಸ್ ತರಬೇತಿಗೆ ಆಯ್ಕೆಯಾಗಿ ದಿನ ಎಣಿಸುತ್ತಿರುವವರದ್ದೇ ಜಾಸ್ತಿ. ಅವುಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಯಾಕೆಂದರೆ ಡ್ರಿಲ್ ಇನ್‌ಸ್ಟ್ರಕ್ಟರ್‌ಗಳೂ ಪತ್ರಿಕೆ ಓದುತ್ತಾರೆ. ಇನ್ನೊಂದು ಮಾತು: ತರಬೇತಿ ಕೇಂದ್ರದಿಂದ ಕೇಂದ್ರಕ್ಕೆ ನಿಯಮ ಬದಲಾಗುತ್ತದೆ. ನಾನು ಹೇಳಿದ್ದಕ್ಕೂ ನಿಮ್ಮ ಕರೆಪತ್ರದಲ್ಲಿ ಇರುವುದಕ್ಕೂ ತಾಳೆಯಾಗದಿದ್ದರೆ ಕರೆಪತ್ರದ ಮಾತೇ ಕೊನೆ.

ಪ್ರಶ್ನೆ: ಸರ್, ತರಬೇತಿಗೆ ಸೇರಲು ಇನ್ನು ಒಂದೂವರೆ ತಿಂಗಳಿದೆ. ದೈಹಿಕ ಪರೀಕ್ಷೆ ಪಾಸಾದ ಮೇಲೆ ಓಟ ಬಿಟ್ಟಿದ್ದೆ. ಈಗ ದಿನಾ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಓಡೋಣ ಅಂದುಕೊಂಡಿದ್ದೇನೆ. ಮೊದಲ ದಿನವೇ ಹಿಂದೆ ಬೀಳಬಾರದು. ಸಾಕಾಗುತ್ತಾ?

ಉತ್ತರ: ಸಾಕಾಗುವುದಲ್ಲ, ಜಾಸ್ತಿಯಾಗುತ್ತದೆ. ಬಿಟ್ಟ ಓಟವನ್ನು ಒಮ್ಮೆಲೇ ಹಿಡಿದರೆ ಉಸಿರು ಬೇಗ ಹೊಂದಿಕೊಳ್ಳುತ್ತದೆ, ಸ್ನಾಯುಗಳೂ ಹೇಗೋ ಹೊಂದಿಕೊಳ್ಳುತ್ತವೆ. ಆದರೆ ಮೂಳೆ ನಿಧಾನ. ಪ್ರತಿ ಓಟದಲ್ಲೂ ಮೂಳೆಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ, ಬಿಡುವು ಸಿಕ್ಕಾಗ ದೇಹ ಅದನ್ನು ರಿಪೇರಿ ಮಾಡಿ ಮೊದಲಿಗಿಂತ ಗಟ್ಟಿ ಮಾಡುತ್ತದೆ, ಬಿಡುವೇ ಕೊಡದಿದ್ದರೆ ಆ ಪೆಟ್ಟುಗಳೇ ಕೂಡಿ ಕೂದಲೆಳೆಯಂಥ ಬಿರುಕಾಗುತ್ತವೆ. ಸ್ಟ್ರೆಸ್ ಫ್ರ್ಯಾಕ್ಚರ್ ಅನ್ನುವುದು ಇದಕ್ಕೇ. ಸೈನ್ಯವಿರಲಿ, ಪೊಲೀಸ್ ಇರಲಿ, ಹೊಸಬರನ್ನು ಮೊದಲ ವಾರಗಳಲ್ಲಿ ಮೂಲೆಗೆ ಕೂರಿಸುವ ತೊಂದರೆಗಳಲ್ಲಿ ಇದು ಮುಖ್ಯವಾದದ್ದು. ಹುಮ್ಮಸ್ಸಿನಲ್ಲಿ ಅದನ್ನು ಮನೆಯಿಂದಲೇ ಹೊತ್ತುಕೊಂಡು ಹೋಗುವವರೂ ಇದ್ದಾರೆ!

ವಾರಕ್ಕೆ ಮೂರು ದಿನ ಓಡಿ. ಓಡುತ್ತಾ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಅಷ್ಟೇ ವೇಗ ಇರಲಿ. ನಡುವಿನ ದಿನಗಳಲ್ಲಿ ಪುಷ್‌ಅಪ್, ಸ್ಕ್ವಾಟ್, ಪ್ಲ್ಯಾಂಕ್ ಮಾಡಿ. ಹೊರಡುವ ಹಿಂದಿನ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ. ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಮೇಲೆ ಬೆರಳಿಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವಾದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ನಿಮ್ಮಲ್ಲಿ ಬೀಪ್ ಟೆಸ್ಟ್ ಇದ್ದರೆ ಅದನ್ನೂ ಸ್ವಲ್ಪ ಅಭ್ಯಾಸ ಮಾಡಿ. 20 ಮೀಟರ್ ಅಂತರದಲ್ಲಿ ಬೀಪ್ ಸದ್ದಿಗೆ ಸರಿಯಾಗಿ ಆಚೆಗೂ ಈಚೆಗೂ ಓಡುವ ಪರೀಕ್ಷೆ ಅದು. ಕೆನಡಾದ ಲೂಕ್ ಲೆಜೆ 1982ರಲ್ಲಿ ರೂಪಿಸಿದ್ದು. ಹೆಚ್ಚಿನ ಕಡೆ ಗಂಟೆಗೆ 8.5 ಕಿಲೋಮೀಟರ್ ವೇಗದಿಂದ ಶುರುವಾಗಿ ಒಂದೊಂದು ಹಂತಕ್ಕೂ ಅರ್ಧ ಕಿಲೋಮೀಟರ್ ಏರುತ್ತಾ ಹೋಗುತ್ತದೆ. ಇದರಲ್ಲಿ ಸೋಲುವವರು ಓಟಕ್ಕಿಂತ ತಿರುಗುವಾಗಲೇ ಹೆಚ್ಚು ಸೋಲುತ್ತಾರೆ. ಗೆರೆ ದಾಟಿ ದೊಡ್ಡ ಸುತ್ತು ಹಾಕಬೇಡಿ. ಗೆರೆ ಮುಟ್ಟಿ, ಅಲ್ಲೇ ತಿರುಗಿ.

ಇಷ್ಟೆಲ್ಲ ಹೇಳಿದರೂ ನನ್ನ ಚಿಂತೆ ನಿಮ್ಮ ಓಟದ್ದಲ್ಲ, ಶೂ ಮತ್ತು ಕಾಲ್ಚೀಲದ್ದು. ಅಂಗಡಿಯಿಂದ ತಂದ ಹೊಸ ಶೂ ಹಾಕಿಕೊಂಡು ಮೊದಲ ದಿನ ನಿಂತವರು ಮೂರನೇ ದಿನ ಕುಂಟುತ್ತಾರೆ. ಶೂ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಪೆರೇಡ್ ಮುಗಿಯುವ ಹೊತ್ತಿಗೂ ಅಷ್ಟೇ ಊದಿರುತ್ತದೆ. ಬೆರಳ ತುದಿಗೂ ಶೂ ತುದಿಗೂ ನಡುವೆ ಒಂದು ಹೆಬ್ಬೆರಳಿನಗಲ ಜಾಗ ಇರಲಿ. ಮನೆಯಲ್ಲಿ ಒಂದು ಗಂಟೆ, ಆಮೇಲೆ ಹೊರಗೆ ಎರಡು ಗಂಟೆ, ಹೀಗೆ ಹಾಕಿಕೊಂಡು ಪಳಗಿಸಿ. ಶೂ ಅಲ್ಲೇ ಕೊಡುತ್ತಾರೆ ಅಂತಾದರೆ ಕಾಲ್ಚೀಲದ ಕಡೆಗಾದರೂ ಗಮನ ಕೊಡಿ. ಶುದ್ಧ ಹತ್ತಿಯದ್ದು ಬೆವರು ಹಿಡಿದಿಟ್ಟುಕೊಂಡು ಚರ್ಮ ಮೆತ್ತಗೆ ಮಾಡುತ್ತದೆ, ಮೆತ್ತಗಾದ ಚರ್ಮ ತಿಕ್ಕಿದರೆ ಬೊಬ್ಬೆ ಏಳುತ್ತದೆ. ಓಟಗಾರರು ಹಾಕುವ, ಬೇಗ ಒಣಗುವ ಕಾಲ್ಚೀಲ ನಾಲ್ಕೈದು ಜೊತೆ ತಗೊಳ್ಳಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಬೊಬ್ಬೆ ಎದ್ದೇ ಬಿಟ್ಟರೆ ಮೇಲಿನ ಚರ್ಮ ಕೀಳಬೇಡಿ. ಆ ಚರ್ಮಕ್ಕಿಂತ ಒಳ್ಳೆಯ ಬ್ಯಾಂಡೇಜ್ ಇಲ್ಲ.

ಪ್ರಶ್ನೆ: ಮೊದಲ ದಿನ ನಿಜವಾಗಿ ಏನಾಗುತ್ತದೆ? ಒಬ್ಬೊಬ್ಬರು ಒಂದೊಂದು ಕಥೆ ಹೇಳಿ ಹೆದರಿಸುತ್ತಿದ್ದಾರೆ. ಬ್ಯಾಗಿನಲ್ಲಿ ಏನಿರಬೇಕು?

ಉತ್ತರ: ನಿಜ ಹೇಳಬೇಕೆಂದರೆ ಹೆಚ್ಚಿನ ಹೊತ್ತು ಸಾಲಿನಲ್ಲಿ ನಿಲ್ಲುತ್ತೀರಿ. ದಾಖಲೆ ತೋರಿಸಲು ಒಂದು ಸಾಲು, ತೂಕ ಎತ್ತರಕ್ಕೆ ಒಂದು, ಸಮವಸ್ತ್ರದ ಅಳತೆಗೆ ಒಂದು, ಕ್ಷೌರಕ್ಕೆ ಒಂದು, ಹಾಸಿಗೆ ಪಡೆಯಲು ಇನ್ನೊಂದು. ನಡುವೆ ನಿಮಗೊಂದು ನಂಬರ್ ಸಿಗುತ್ತದೆ, ಅದನ್ನು ಕೂಡಲೇ ಬಾಯಿಪಾಠ ಮಾಡಿ. ಕೂಗಾಟ ಇರುತ್ತದೆ. ಅದು ನಿಮ್ಮೊಬ್ಬರ ಮೇಲಲ್ಲ, ನೂರಾರು ಜನರನ್ನು ಸಂಜೆಯೊಳಗೆ ಒಂದು ಸಾಲಿಗೆ ತರಬೇಕಲ್ವಾ? ಬೇಗ ಮುಗಿಸಬೇಕು ಅನ್ನೋ ಒತ್ತಡ ಅವರಿಗೂ ಇರುತ್ತದೆ.

ನನ್ನ ಪ್ರಕಾರ ಆ ದಿನದ ಜಾಣತನ ಯಾರ ಕಣ್ಣಿಗೂ ಬೀಳದಿರುವುದು. ಎಲ್ಲರಿಗಿಂತ ಮುಂದೆ ನಿಲ್ಲುವುದು ಬೇಡ, ತಡವಾಗಿ ಬರುವುದಂತೂ ಬೇಡವೇ ಬೇಡ. ಜೋಕ್ ಹೊಡೆಯಬೇಡಿ. 'ನಮ್ಮ ಮಾವ ಡಿಪಾರ್ಟ್‌ಮೆಂಟಿನಲ್ಲೇ ಇದ್ದಾರೆ' ಅನ್ನೋ ಮಾತು ಬಾಯಿಂದ ಬರಲೇಬಾರದು. ಕೇಳಿದ್ದಕ್ಕೆ ಮಾತ್ರ, ಪೂರ್ತಿ, ಗಟ್ಟಿಯಾಗಿ ಉತ್ತರ ಕೊಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಅದಕ್ಕೆ ಬೈದರೂ ಸುಳ್ಳು ಹೇಳಿದ್ದಕ್ಕೆ ಬೈದಷ್ಟು ಬೈಯುವುದಿಲ್ಲ.

ಬ್ಯಾಗ್ ವಿಷಯ. ಮೂಲ ದಾಖಲೆಗಳು ಒಂದು ಫೈಲಿನಲ್ಲಿ, ನಕಲು ಪ್ರತಿಗಳು ಬೇರೆ ಫೈಲಿನಲ್ಲಿ, ಕರೆಪತ್ರದಲ್ಲಿ ಯಾವ ಕ್ರಮದಲ್ಲಿ ಕೇಳಿದ್ದಾರೋ ಅದೇ ಕ್ರಮದಲ್ಲಿ ಇಡಿ. ಪಾಸ್‌ಪೋರ್ಟ್ ಅಳತೆಯ ಫೋಟೋ ಕೇಳಿದ್ದಕ್ಕಿಂತ ಜಾಸ್ತಿ ಇರಲಿ. ಎರಡು ಪೆನ್ನು, ಒಂದು ಚಿಕ್ಕ ನೋಟ್‌ಬುಕ್, ಬೀಗ ಮತ್ತು ಎರಡು ಕೀಲಿ, ಸೂಜಿ ದಾರ, ಶೂ ಪಾಲಿಶ್, ಸಾಧಾರಣ ವಾಚ್. ಮನೆಯವರ ಎರಡು ಫೋನ್ ನಂಬರ್ ಕಾಗದದ ಮೇಲೆ ಬರೆದಿಡಿ. ಫೋನ್ ತೆಗೆದಿರಿಸಿಕೊಂಡರೆ ಅಮ್ಮನ ನಂಬರೇ ನೆನಪಿಲ್ಲದವರು ಎಷ್ಟು ಜನ ಸಿಗುತ್ತಾರೆ ನೋಡಿ. ಒಳಉಡುಪು, ಟವೆಲ್ ಎಲ್ಲದರ ಮೇಲೂ ಅಳಿಸದ ಇಂಕಿನಲ್ಲಿ ಹೆಸರು ಹಾಕಿ. ಬೆಲೆಬಾಳುವ ವಸ್ತು ಒಂದೂ ಬೇಡ.

ಪ್ರಶ್ನೆ: ಶಾಲೆಯಲ್ಲಿದ್ದಾಗ ಪ್ರಾರ್ಥನೆಗೆ ನಿಂತಲ್ಲೇ ತಲೆಸುತ್ತಿ ಬಿದ್ದಿದ್ದೆ. ಪೆರೇಡ್‌ನಲ್ಲಿ ಹಾಗಾದರೆ ಮರ್ಯಾದೆ ಹೋಗುತ್ತದೆ.

ಉತ್ತರ: ಮರ್ಯಾದೆ ಹೋಗುವುದಿಲ್ಲ, ಹಲ್ಲು ಹೋಗಬಹುದು. ಹಾಗಾಗಿ ಕಾರಣ ತಿಳಿದುಕೊಳ್ಳಿ. ಕಾಲಿಗೆ ಇಳಿದ ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸದಲ್ಲಿ ಮೀನಖಂಡದ ಪಾಲು ದೊಡ್ಡದು. ಅಲುಗಾಡದೆ ನಿಂತರೆ ಆ ಪಂಪ್ ನಿಂತಂತೆಯೇ. ರಕ್ತ ಕೆಳಗೇ ಉಳಿಯುತ್ತದೆ, ಮಿದುಳಿಗೆ ಹೋಗುವುದು ಕಡಿಮೆಯಾಗುತ್ತದೆ, ಕಣ್ಣು ಕತ್ತಲಿಟ್ಟು ಬೀಳುತ್ತೀರಿ. ಬಿಸಿಲು, ಖಾಲಿ ಹೊಟ್ಟೆ, ನಿದ್ದೆಗೇಡು ಸೇರಿದರೆ ಇನ್ನೂ ಬೇಗ.

ಮೊಣಕಾಲನ್ನು ಹಿಂದಕ್ಕೆ ಬಿಗಿದು ನಿಲ್ಲಬೇಡಿ, ನೋಡುವವರಿಗೆ ಗೊತ್ತಾಗದಷ್ಟು ಸಡಿಲ ಇರಲಿ. ಶೂ ಒಳಗೆ ಬೆರಳು ಮಡಚಿ ಬಿಡಿಸುತ್ತಾ ಇರಿ. ಮೀನಖಂಡ, ತೊಡೆ ಬಿಗಿ ಮಾಡಿ ಬಿಡಿ. ಇದೆಲ್ಲ ಸಾವಧಾನ ಸ್ಥಿತಿಯಲ್ಲೂ ಮಾಡಬಹುದು, ಯಾರಿಗೂ ಕಾಣುವುದಿಲ್ಲ. ಬೆಳಿಗ್ಗೆ ಏನಾದರೂ ತಿಂದು, ನೀರು ಕುಡಿದು ಬನ್ನಿ. ಕಿವಿಯಲ್ಲಿ ಗುಂಯ್ ಅನ್ನಲು ಶುರುವಾದರೆ, ಬೆವರು ತಣ್ಣಗಾದರೆ, ವೀರಾವೇಶ ಬೇಡ. ಕೈ ಎತ್ತಿ ಹೇಳಿ ಕೂತುಬಿಡಿ. ಆದರೆ ಓಡುತ್ತಿರುವಾಗಲೇ ಎಚ್ಚರ ತಪ್ಪಿದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಬಂದಿದ್ದರೆ ಅದು ಬೇರೆ ವಿಷಯ. ಸೇರುವ ಮೊದಲೇ ಪರೀಕ್ಷೆ ಮಾಡಿಸಿ.

ಬಿಸಿಲಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಸುಮಾರು 7ರಿಂದ 14 ದಿನ ಬೇಕು. ಇಷ್ಟು ದಿನ ಫ್ಯಾನ್ ಕೆಳಗೆ ಓದಿದವರು ಕೊನೆಯ ಎರಡು ವಾರ ದಿನಾ ಸ್ವಲ್ಪ ಹೊತ್ತು ಹೊರಗೆ ಬೆವರಿ, ಸ್ವಲ್ಪದಿಂದ ಶುರು ಮಾಡಿ. ಹಾಗಂತ ಚೊಂಬುಗಟ್ಟಲೆ ನೀರು ಒಂದೇ ಸಲ ಕುಡಿಯಬೇಡಿ. ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅದೂ ಜೀವಕ್ಕೆ ಅಪಾಯ.

ಪ್ರಶ್ನೆ: ಮೊಣಕಾಲಿಗೆ ಹಿಂದೆ ಪೆಟ್ಟಾಗಿತ್ತು. ಫಾರ್ಮ್‌ನಲ್ಲಿ ಬರೆಯಬೇಡ ಅಂತ ಗೆಳೆಯರು ಹೇಳುತ್ತಾರೆ.

ಉತ್ತರ: ಬರೆಯಿರಿ. ವಾಸಿಯಾದ ಪೆಟ್ಟಿಗೆ ಸಾಮಾನ್ಯವಾಗಿ ಡಾಕ್ಟರ ಪತ್ರ ಸಾಕಾಗುತ್ತದೆ. ಮುಚ್ಚಿಟ್ಟ ಪೆಟ್ಟು ಮೂರನೇ ವಾರ ಊದಿಕೊಂಡಾಗ ಪ್ರಶ್ನೆ ಮೊಣಕಾಲಿನದಲ್ಲ, ಸಹಿ ಹಾಕಿ ಸುಳ್ಳು ಬರೆದದ್ದರದು. ನಾಳೆ ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳುವ ಕೆಲಸಕ್ಕೆ ಹೊರಟವರು ನೀವು. ಹಳೆಯ ಕೇಸು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಎಲ್ಲಕ್ಕೂ ಇದೇ ಉತ್ತರ. ಜಿಮ್‌ನವರು ಕೊಟ್ಟ ಪುಡಿ, ಇಂಜೆಕ್ಷನ್ ಏನಾದರೂ ಇದ್ದರೆ ಈಗಲೇ ನಿಲ್ಲಿಸಿ.

ಪ್ರಶ್ನೆ: ಮೇಡಂಗಳಿಗೆ ಬೇರೆ ಸಲಹೆ ಇದೆಯಾ ಸರ್? ನಾವು ಮೂವರು ಗೆಳತಿಯರು ಒಟ್ಟಿಗೆ ಆಯ್ಕೆಯಾಗಿದ್ದೇವೆ.

ಉತ್ತರ: ಮೂವರಿಗೂ ಅಭಿನಂದನೆ. ತರಬೇತಿ ಒಂದೇ, ಆದರೆ ಎರಡು ಮೂರು ಮಾತು ನಿಮಗೇ ಹೇಳಬೇಕು. ಮೂಳೆ ಬಿರುಕಿನ ತೊಂದರೆ ಹೆಣ್ಣುಮಕ್ಕಳಲ್ಲಿ ಹೆಚ್ಚು ಕಾಣುತ್ತದೆ, ಅದರಲ್ಲೂ ಸರಿಯಾಗಿ ತಿನ್ನದವರಲ್ಲಿ. ತೂಕ ಇಳಿಸುವ ಡಯಟ್ ಇಟ್ಟುಕೊಂಡು ತರಬೇತಿಗೆ ಹೋಗಬೇಡಿ. ಒಂದು ಸಲ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಈಗಿನಿಂದಲೇ ಡಾಕ್ಟರು ಹೇಳಿದ ಕಬ್ಬಿಣದ ಮಾತ್ರೆ ಶುರು ಮಾಡಿ, ಅದು ಫಲ ಕೊಡಲು ವಾರಗಳು ಬೇಕು. ಒಳ್ಳೆಯ ಸ್ಪೋರ್ಟ್ಸ್ ಬ್ರಾ ಎರಡು ಮೂರು ತಗೊಂಡು, ಹಾಕಿಕೊಂಡು ಓಡಿ ನೋಡಿ. ಮುಟ್ಟಿನ ಸಾಮಗ್ರಿ ಎರಡು ತಿಂಗಳಿಗಾಗುವಷ್ಟು ಇರಲಿ. ಜಾಗ, ಹೊತ್ತು, ಊಟ ಎಲ್ಲ ಬದಲಾದಾಗ ದಿನ ಏರುಪೇರಾಗುವುದುಂಟು. ಎರಡು ಮೂರು ತಿಂಗಳು ಬರದೇ ಇದ್ದರೆ ಸುಮ್ನೆ ಇರಬೇಡಿ, ತೋರಿಸಿ. ಪುಷ್‌ಅಪ್ ಬರದಿದ್ದರೆ ಮೊದಲು ಗೋಡೆಗೆ, ಆಮೇಲೆ ಬೆಂಚಿಗೆ ಕೈಕೊಟ್ಟು ಮಾಡಿ, ನೆಲಕ್ಕೆ ತಾನಾಗಿ ಇಳಿಯುತ್ತೀರಿ. ಮತ್ತೆ, ಮೂವರೂ ಒಂದೇ ಕೋಣೆ ಸಿಗಲಿ ಅಂತ ಯಾರನ್ನೂ ಕೇಳಬೇಡಿ.

ಪ್ರಶ್ನೆ: ಓದಿಕೊಂಡು ಹೋಗಬೇಕಾ? ಕಾನೂನಿನ ಪುಸ್ತಕ ನೋಡಿದರೇ ಭಯ.

ಉತ್ತರ: ಕಲಂಗಳನ್ನು ಅವರೇ ಕಲಿಸುತ್ತಾರೆ, ಬಿಡಿ. ಅದಕ್ಕಿಂತ ಬರೆಯುವುದನ್ನು ಅಭ್ಯಾಸ ಮಾಡಿ. ದಿನಾ ಬೀದಿಯಲ್ಲಿ ಕಂಡ ಒಂದು ಘಟನೆಯನ್ನು ಹತ್ತು ಸಾಲಿನಲ್ಲಿ ಬರೆಯಿರಿ: ಎಷ್ಟು ಗಂಟೆಗೆ, ಎಲ್ಲಿ, ಯಾರು, ಏನು ಮಾಡಿದರು. 'ಅವನು ಕುಡಿದಿದ್ದ' ಅಂತ ಬರೆದರೆ ಅದು ನಿಮ್ಮ ತೀರ್ಮಾನ. 'ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು, ತೂರಾಡುತ್ತಿದ್ದ, ಮಾತು ತೊದಲುತ್ತಿತ್ತು' ಅಂದರೆ ಅದು ನೀವು ಕಂಡದ್ದು. ಈ ವ್ಯತ್ಯಾಸ ಕೈಗೆ ಹತ್ತಿದರೆ ಅರ್ಧ ತರಗತಿ ಮುಂದಿರುತ್ತೀರಿ. ಸಮಯವನ್ನು 24 ಗಂಟೆಯ ಲೆಕ್ಕದಲ್ಲಿ ಹೇಳಿ ರೂಢಿ ಮಾಡಿ. ವೈರ್‌ಲೆಸ್‌ನಲ್ಲಿ ಬಳಸುವ ಆಲ್ಫಾ, ಬ್ರಾವೋ, ಚಾರ್ಲಿ ಅಕ್ಷರಮಾಲೆಯನ್ನು ಬಸ್ಸಿನಲ್ಲಿ ಕೂತು ಗಾಡಿಗಳ ನಂಬರ್ ಓದುತ್ತಾ ಕಲಿಯಬಹುದು.

ಒಂದೇ ಒಂದು ಓದಿ ಅಂದರೆ, 1979ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಪೊಲೀಸರ ನಡತೆ ಸಂಹಿತೆ ಓದಿ. ಎಂಟೇ ಕಲಂ. ತೀರಾ ಅಗತ್ಯ ಬಿದ್ದಾಗ ಮಾತ್ರ, ಕರ್ತವ್ಯಕ್ಕೆ ಎಷ್ಟು ಬೇಕೋ ಅಷ್ಟೇ ಬಲ ಬಳಸಬೇಕು ಅಂತ ಮೂರನೆಯದು ಹೇಳುತ್ತದೆ. ಐದನೆಯದು ಚಿತ್ರಹಿಂಸೆ ಬಗ್ಗೆ: ಮೇಲಿನವರು ಹೇಳಿದರು ಅನ್ನೋದು ಅಲ್ಲಿ ನೆಪವಾಗುವುದಿಲ್ಲ. ಮೊದಲ ದಿನದಿಂದ ಆಜ್ಞೆ ಪಾಲಿಸುವುದನ್ನೇ ಕಲಿಸುವ ಜಾಗಕ್ಕೆ ಹೋಗುತ್ತಿದ್ದೀರಿ, ಆ ಪಾಲನೆ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿದ್ದು ಹೋಗುವುದು ಒಳ್ಳೆಯದು.

ಪ್ರಶ್ನೆ: ನನ್ನ ಮಗ ಮೆತ್ತನೆ ಸ್ವಭಾವದವನು. ಯಾರಾದರೂ ಜೋರು ಮಾಡಿದರೆ ಕಣ್ಣಲ್ಲಿ ನೀರು. ಕಳಿಸಲು ಭಯವಾಗುತ್ತಿದೆ.

ಉತ್ತರ: ತಾಯಿ, ಅಂಥವರು ಬೇಕು. ನಾಳೆ ಮಗು ಕಳೆದುಕೊಂಡವರು ಠಾಣೆಗೆ ಬಂದಾಗ ಎದುರಿಗೆ ಅವನಂಥವನು ಕೂತಿರಲಿ. ಮೊದಲ ವಾರ ರಾತ್ರಿ ದಿಂಬಿನಲ್ಲಿ ಮುಖ ಹುದುಗಿಸಿ ಅಳುವವರು ಅವನೊಬ್ಬನೇ ಆಗಿರುವುದಿಲ್ಲ. ಈಗಿನಿಂದ ಅವನ ಬಟ್ಟೆ ಅವನೇ ಒಗೆದು ಇಸ್ತ್ರಿ ಮಾಡಲಿ, ಹಾಸಿಗೆ ಅವನೇ ಮಡಚಲಿ, ನೀವು ಎಬ್ಬಿಸಬೇಡಿ. ಏಳುವ ಹೊತ್ತನ್ನು ದಿನಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ತರಲಿ, ಮಲಗುವ ಹೊತ್ತನ್ನೂ. ಫೋನ್ ಬರದಿದ್ದರೆ ಗಾಬರಿಯಾಗಬೇಡಿ, ಬಂದಾಗ ಅವನ ಮುಂದೆ ಅಳಬೇಡಿ. ಬೈಗುಳ ದಾಟಿ ಹೊಡೆತ, ಅವಮಾನ ಅಂತ ಏನಾದರೂ ಹೇಳಿದರೆ ಮಾತ್ರ 'ಸಹಿಸಿಕೋ' ಅನ್ನಬೇಡಿ. ಬರಹದಲ್ಲಿ ದೂರು ಕೊಡುವ ದಾರಿ ತರಬೇತಿ ಕೇಂದ್ರದಲ್ಲೂ ಇರುತ್ತದೆ.

ಪ್ರಶ್ನೆ: ಸೇರುವ ಹಿಂದಿನ ರಾತ್ರಿ ಗೆಳೆಯರು ಪಾರ್ಟಿ ಇಟ್ಟಿದ್ದಾರೆ. ಹೋಗಬಹುದಾ?

ಉತ್ತರ: 1829ರಲ್ಲಿ ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸ್ ಶುರುವಾದಾಗ ಒಂದನೇ ನಂಬರ್ ಪಡೆದ ಕಾನ್‌ಸ್ಟೇಬಲ್ ಕೆಲಸ ಕಳೆದುಕೊಂಡದ್ದು ಅದೇ ದಿನ, ಕುಡಿದಿದ್ದಕ್ಕೆ. ಪಾರ್ಟಿಯನ್ನು ಒಂದು ವಾರ ಹಿಂದಕ್ಕೆ ಹಾಕಿಸಿ.