ಕೊಡಗು ಇಷ್ಟು ಹಸಿರಾಗಿದೆ, ಇಲ್ಲಿ 'ಪರಿಸರ ನ್ಯಾಯ'ದ ಮಾತು ಯಾಕೆ?

ಹಸಿರು ಇದ್ದ ಮಾತ್ರಕ್ಕೆ ನ್ಯಾಯ ಇದೆ ಅಂತಲ್ಲ. ಕಾಡಿನ ಲಾಭ ಒಬ್ಬರಿಗೆ, ಅದರ ಕಷ್ಟ ಇನ್ನೊಬ್ಬರಿಗೆ ಆಗಬಾರದು. ಕಾಡಿನ ಬಗ್ಗೆ ತೀರ್ಮಾನ ಮಾಡುವಾಗ ಅಲ್ಲೇ ಇರುವವರನ್ನೂ ಕೇಳಬೇಕು. ಪರಿಸರ ನ್ಯಾಯ ಅಂದರೆ ಇಷ್ಟೇ.

ನಾಗರಹೊಳೆಯನ್ನೇ ನೋಡಿ. ಜೇನುಕುರುಬರು, ಯರವರು ತಲೆತಲಾಂತರದಿಂದ ಇದ್ದ ಕಾಡು ಅದು. ಹುಲಿ ಉಳಿಯಬೇಕು ಅಂತ ಅವರನ್ನು ಹೊರಗೆ ಹಾಕಿದರು. ಅದೇ ಕಾಡಿನೊಳಗೆ ಒಂದು ಐಷಾರಾಮಿ ಹೋಟೆಲ್‌ಗೆ ಮಾತ್ರ ಜಾಗ ಕೊಟ್ಟಿದ್ದರು! ಆದಿವಾಸಿಗಳು ಹೋರಾಡಿ, ಹೈಕೋರ್ಟಿಗೆ ಹೋಗಿ, 1997ರಲ್ಲಿ ಅದನ್ನು ನಿಲ್ಲಿಸಿದರು.

ಹೊರಬಂದವರು ಎಲ್ಲಿಗೆ ಹೋದರು? ಎಷ್ಟೋ ಜನ ಕಾಫಿ ತೋಟದ ಲೈನ್ ಮನೆ, ಅಂದರೆ ಮಾಲೀಕರು ಕೂಲಿಯವರಿಗೆ ಕೊಡುವ ಸಾಲುಮನೆ, ಸೇರಿದರು. ಕೆಲಸ ಬಿಟ್ಟರೆ ಮನೆಯೂ ಹೋಯ್ತು, ಅಲ್ವಾ? ಬೆಳಗಿನ ಮಂಜಿನಲ್ಲಿ ಆನೆ ಎದುರಾದರೆ ಜೀಪಿನಲ್ಲಿರುವ ಮಾಲೀಕರು ರಿವರ್ಸ್ ತಗೊಳ್ಳಬಹುದು. ಬುತ್ತಿ ಹಿಡಿದು ನಡೆದು ಬರುವ ಕೂಲಿ ಹೆಂಗಸು ಓಡಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗಲೂ ಹಾಗೇ. ಪಹಣಿ ಇದ್ದವರು ಬೆಳೆ ಪರಿಹಾರಕ್ಕೆ ಅರ್ಜಿ ಹಾಕಿದರು. ಕೂಲಿ ಹೋದವರು ಯಾವ ಕಾಗದ ತೋರಿಸಬೇಕು?

2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ 500ಕ್ಕೂ ಹೆಚ್ಚು ಗುಡಿಸಲನ್ನು ಅಧಿಕಾರಿಗಳು ಕೆಡವಿದ್ದು ನೆನಪಿರಬಹುದು. ಲೈನ್ ಮನೆ ಬಿಟ್ಟು ಬಂದವರೂ ಅಲ್ಲಿದ್ದರು. ದೊಡ್ಡ ಹೋರಾಟದ ನಂತರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿತು. ಆದರೆ ಕಾಡು ದೂರವಾಯ್ತು.

ಕಾನೂನು ಇಲ್ಲ ಅಂತೇನಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಹಕ್ಕಿನ ಅರ್ಜಿ ಮೊದಲು ಗ್ರಾಮಸಭೆಗೇ ಬರಬೇಕು. ನನ್ನ ಪ್ರಕಾರ ಜಗಳ ಇರುವುದು ಆ ಸಭೆಯ ಮಾತಿಗೆ ಎಷ್ಟು ಬೆಲೆ ಅನ್ನುವುದರಲ್ಲಿ.