ಹಿತಕಿದ ಅವರೆಬೇಳೆ ಫ್ರೀಜರ್‌ನಲ್ಲಿಟ್ಟರೂ ಹುಲ್ಲಿನ ವಾಸನೆ ಯಾಕೆ ಬರುತ್ತದೆ? ಕುದಿಯುವ ನೀರಿಗೆ ಹಾಕಲೇಬೇಕಾ?

ನೀವು ಬರೆದದ್ದು ಇಷ್ಟು. ಸಂಕ್ರಾಂತಿ ಹೊತ್ತಿಗೆ ಐದು ಕೆ.ಜಿ. ಅವರೆಬೇಳೆ ಹಿತಕಿ, ತೊಳೆದು, ಹಾಗೇ ಕವರ್‌ಗೆ ತುಂಬಿ ಫ್ರೀಜರ್‌ಗೆ ಹಾಕಿದಿರಿ. ಯುಗಾದಿ ಕಳೆದ ಮೇಲೆ ತೆಗೆದು ಸಾರು ಮಾಡಿದರೆ ಒಣಹುಲ್ಲಿನ ವಾಸನೆ. ಜೊತೆಗಿಟ್ಟ ಬೀನ್ಸ್ ಮಂಕಾಗಿತ್ತು. ಮಹಡಿ ಮೇಲೆ ಒಣಗಿಸಿದ ಕ್ಯಾರೆಟ್ ಬಿಳಿಚಿಕೊಂಡಿತ್ತು. ಯಾರೋ ಕುದಿಯುವ ನೀರಿಗೆ ಹಾಕಿ ತೆಗೆಯಿರಿ ಅಂದರು. ಹಾಗೆ ಮಾಡಿದರೆ ಸತ್ವವೆಲ್ಲ ನೀರಿಗೆ ಹೋಗಲ್ವಾ ಅನ್ನುವುದು ನಿಮ್ಮ ಪ್ರಶ್ನೆ.

ಕೋಲಾರದ ಹತ್ತಿರ ನಾವು ಎಂಟು ಜನ ಹೆಂಗಸರು ಸೇರಿ ಏಳು ವರ್ಷ ತರಕಾರಿ ಒಣಗಿಸುವ ಸಣ್ಣ ಘಟಕ ನಡೆಸಿದ್ದೆವು. ಮೊದಲ ವರ್ಷ ನಾವು ಮಾಡಿದ್ದೂ ನೀವು ಮಾಡಿದ್ದೇ. ಹಸಿ ಕ್ಯಾರೆಟ್ ತುರಿದು ಒಣಗಿಸಿ ಡಬ್ಬಿಗೆ ತುಂಬಿದೆವು. ಎರಡು ತಿಂಗಳಲ್ಲಿ ಅದು ಮರದ ಪುಡಿಯ ಹಾಗೆ ಕಾಣುತ್ತಿತ್ತು. ಅಷ್ಟು ಜನರ ದುಡಿಮೆ ಹೋಯಿತು ಅನ್ನುವ ಸಂಕಟ ಇನ್ನೂ ನೆನಪಿದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಕಿತ್ತ ಮೇಲೂ ತರಕಾರಿ ಜೀವಂತವಾಗಿರುತ್ತದೆ. ಉಸಿರಾಡುತ್ತದೆ, ಬೆಳೆಯುತ್ತದೆ, ಬಲಿಯುತ್ತದೆ. ಈ ಕೆಲಸ ಮಾಡಿಸುವ ಕಿಣ್ವಗಳು ಅದರೊಳಗೇ ಇರುತ್ತವೆ. ನಾವು ಹೆಚ್ಚಿದಾಗ, ಹಿತಕಿದಾಗ ಜೀವಕೋಶ ಒಡೆಯುತ್ತದೆ. ಬೇರೆಬೇರೆ ಕಡೆ ಇದ್ದ ಕಿಣ್ವ, ಕೊಬ್ಬು, ಗಾಳಿ ಎಲ್ಲ ಒಟ್ಟಿಗೆ ಸೇರುತ್ತವೆ. ಕಾಳುಗಳಲ್ಲಿ ಲೈಪಾಕ್ಸಿಜನೇಸ್ ಅನ್ನುವ ಕಿಣ್ವ ಇದೆ. ಅದು ಕಾಳಿನಲ್ಲಿರುವ ಸ್ವಲ್ಪ ಕೊಬ್ಬನ್ನೇ ಹಿಡಿದು ಗಾಳಿಯ ಆಮ್ಲಜನಕದ ಜೊತೆ ಸೇರಿಸುತ್ತದೆ. ಅದರಿಂದ ಹುಟ್ಟುವುದೇ ಆ ಹುಲ್ಲಿನ ವಾಸನೆ. ಸೋಯಾ ಹಾಲಿನ ಹಸಿವಾಸನೆಗೂ ಇದೇ ಕಾರಣ.

ಇನ್ನು ಫ್ರೀಜರ್ ವಿಷಯ. ಚಳಿಗೆ ಈ ಕಿಣ್ವಗಳು ಸಾಯುವುದಿಲ್ಲ, ನಿಧಾನವಾಗುತ್ತವೆ ಅಷ್ಟೇ. ಮೈನಸ್ 18 ಡಿಗ್ರಿಯಲ್ಲೂ ಮೆಲ್ಲಗೆ ಕೆಲಸ ನಡೆದೇ ಇರುತ್ತದೆ. ಎರಡು ವಾರಕ್ಕೆ ಗೊತ್ತಾಗುವುದಿಲ್ಲ, ಎರಡು ಮೂರು ತಿಂಗಳಿಗೆ ಗೊತ್ತಾಗುತ್ತದೆ. ಒಣಗಿಸುವಾಗಲೂ ಹಾಗೆಯೇ. ನೀರು ಪೂರ್ತಿ ಹೋಗುವ ತನಕ ಗಂಟೆಗಟ್ಟಲೆ ಹದವಾದ ಬಿಸಿ ಇರುತ್ತದೆ, ಕಿಣ್ವಗಳಿಗೆ ಅದು ಹೇಳಿ ಮಾಡಿಸಿದ ಜಾಗ. ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಆಮ್ಲಜನಕ ತಾಗಿದರೆ ಹಾಳಾಗುತ್ತದೆ, ಬಿಸಿಲು ಬಿದ್ದರೆ ಇನ್ನೂ ಬೇಗ. ಕಿಣ್ವ ಅದಕ್ಕೆ ಕೈ ಜೋಡಿಸುತ್ತದೆ. ನಿಮ್ಮ ಕ್ಯಾರೆಟ್ ಬಿಳಿಚಿಕೊಂಡಿತು ಅಂದರೆ ಬಣ್ಣದ ಜೊತೆ ಎ ವಿಟಮಿನ್ ಕೊಡುವ ಸತ್ವವೂ ಹೋಯಿತು ಅಂತಲೇ ಅರ್ಥ.

ಕುದಿಯುವ ನೀರಿನ ಕೆಲಸ ಈ ಕಿಣ್ವಗಳನ್ನು ನಿಲ್ಲಿಸುವುದು. ಇದಕ್ಕೆ ಬ್ಲಾಂಚಿಂಗ್ ಅನ್ನುತ್ತಾರೆ. ಬೇಯಿಸುವುದಲ್ಲ, ಬರೀ ಬಿಸಿ ತಟ್ಟಿಸಿ ತೆಗೆಯುವುದು. ಕ್ಯಾರೆಟ್ ಬಿಲ್ಲೆಗೆ ಎರಡು ನಿಮಿಷ. ಬೀನ್ಸ್, ಹೂಕೋಸಿಗೆ ಮೂರು. ಹಸಿ ಬಟಾಣಿಗೆ ಒಂದೂವರೆ ಸಾಕು. ಎಳೆ ಬೆಂಡೆಕಾಯಿಗೆ ಮೂರು, ದಪ್ಪಗಿದ್ದರೆ ನಾಲ್ಕು. ಸೊಪ್ಪಿಗೆ ಎರಡು. ಹಿತಕಿದ ಬೇಳೆಗೆ ನಾವು ಎರಡು ನಿಮಿಷ ಕೊಡುತ್ತಿದ್ದೆವು. ನೀರಿಗೆ ಹಾಕಿದ ಮೇಲೆ ಮತ್ತೆ ಕುದಿ ಬಂದ ಕ್ಷಣದಿಂದ ಈ ಲೆಕ್ಕ.

ಇಲ್ಲೇ ಹೆಚ್ಚಿನವರು ತಪ್ಪುವುದು, ನಾವೂ ತಪ್ಪಿದ್ದು. ಎರಡನೇ ವರ್ಷ ಬಿಸಿನೀರು ಶುರು ಮಾಡಿದೆವು. ಬೇಗ ಮುಗಿಯಲಿ ಅಂತ ಒಂದೇ ಪಾತ್ರೆಗೆ ನಾಲ್ಕು ಕೆ.ಜಿ. ಬೀನ್ಸ್ ಸುರಿದೆವು. ಕುದಿ ನಿಂತುಹೋಯಿತು. ನೀರು ಮತ್ತೆ ಬಿಸಿಯಾಗಲು ಏಳೆಂಟು ನಿಮಿಷ ಹಿಡಿಯಿತು. ಆ ಬೀನ್ಸ್ ಹಸಿಯಾಗಿ ಒಣಗಿಸಿದ್ದಕ್ಕಿಂತ ಕೆಟ್ಟದಾಗಿ ಬಂತು. ಅರೆಬಿಸಿ ಜೀವಕೋಶ ಒಡೆಯುತ್ತದೆ, ಆದರೆ ಕಿಣ್ವವನ್ನು ಸಾಯಿಸುವುದಿಲ್ಲ. ಬದಲಿಗೆ ಅದರ ಕೆಲಸ ಚುರುಕಾಗುತ್ತದೆ. ಅರ್ಧ ಮಾಡುವುದಕ್ಕಿಂತ ಮಾಡದೇ ಇರುವುದೇ ಮೇಲು. ಅರ್ಧ ಕೆ.ಜಿ. ತರಕಾರಿಗೆ ನಾಲ್ಕು ಲೀಟರ್ ನೀರು ಇರಲಿ. ಹಾಕಿದ ಒಂದು ನಿಮಿಷದೊಳಗೆ ಮತ್ತೆ ಕುದಿ ಬರಬೇಕು. ಬರಲಿಲ್ಲ ಅಂದರೆ ಜಾಸ್ತಿ ಹಾಕಿದ್ದೀರಿ ಅಂತ.

ಸಮಯ ಸಾಕಾಯಿತೋ ಇಲ್ಲವೋ ನೋಡಲು ಕಾರ್ಖಾನೆಗಳಲ್ಲಿ ಪೆರಾಕ್ಸಿಡೇಸ್ ಪರೀಕ್ಷೆ ಮಾಡುತ್ತಾರೆ. ಬಿಸಿಗೆ ಬಹಳ ಹೊತ್ತು ತಡೆಯುವ ಕಿಣ್ವ ಅದು. ಅದೇ ಸತ್ತಿದ್ದರೆ ಉಳಿದವೂ ಸತ್ತಿರುತ್ತವೆ ಅನ್ನುವ ಲೆಕ್ಕ. ಮನೆಯಲ್ಲಿ ಇದರ ಒಂದು ಸಣ್ಣ ರೂಪ ಮಾಡಿ ನೋಡಬಹುದು. ಮೆಡಿಕಲ್ ಶಾಪಿನಲ್ಲಿ ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡ್ ಇದೆಯಲ್ಲ, ಅದನ್ನು ಒಂದು ಹನಿ ಹಸಿ ಆಲೂಗಡ್ಡೆ ಬಿಲ್ಲೆ ಮೇಲೆ ಬಿಡಿ. ಬುಸ್ ಅಂತ ನೊರೆ ಬರುತ್ತದೆ. ಅದು ಕೆಟಲೇಸ್ ಅನ್ನುವ ಇನ್ನೊಂದು ಕಿಣ್ವದ ಕೆಲಸ. ಅದ್ದಿ ತೆಗೆದ ಚೂರನ್ನು ಸೀಳಿ ನಡುವೆ ಒಂದು ಹನಿ ಹಾಕಿದಾಗ ನೊರೆ ಬಂದರೆ ಬಿಸಿ ಒಳಗೆ ತಲುಪಿಲ್ಲ. ನೊರೆ ಬರಲಿಲ್ಲ ಅಂದ ಮಾತ್ರಕ್ಕೆ ಎಲ್ಲ ಕಿಣ್ವ ಸತ್ತಿವೆ ಅಂತಲ್ಲ, ಪೆರಾಕ್ಸಿಡೇಸ್ ಇದಕ್ಕಿಂತ ಗಟ್ಟಿ. ಪರೀಕ್ಷೆ ಮಾಡಿದ ಚೂರು ಬಿಸಾಡಿ.

ಈಗ ಸತ್ವದ ಮಾತು. ನೀವು ಕೇಳಿದ್ದರಲ್ಲಿ ನಿಜ ಇದೆ. ಸಿ ವಿಟಮಿನ್ ಮತ್ತು ಬಿ ಗುಂಪಿನವು ನೀರಿನಲ್ಲಿ ಕರಗುತ್ತವೆ, ಸ್ವಲ್ಪ ಹೋಗುತ್ತವೆ. ಪೊಟ್ಯಾಶಿಯಂ ಕೂಡ. ಆದರೆ ಅದ್ದದೇ ಇಟ್ಟ ತರಕಾರಿಯಲ್ಲೂ ಸಿ ವಿಟಮಿನ್ ಉಳಿಯುವುದಿಲ್ಲ. ದಿನದಿಂದ ದಿನಕ್ಕೆ ಕರಗುತ್ತಾ ಹೋಗುತ್ತದೆ. ಮೂರು ನಿಮಿಷದಲ್ಲಿ ಒಂದು ಪಾಲು ಬಿಟ್ಟು ಉಳಿದದ್ದನ್ನು ಕಾಪಾಡುವುದು ಒಂದು ದಾರಿ, ಏನೂ ಬಿಡದೆ ಮೂರು ತಿಂಗಳಲ್ಲಿ ಹೆಚ್ಚು ಕಳೆದುಕೊಳ್ಳುವುದು ಇನ್ನೊಂದು. ಬೀಟಾ ಕ್ಯಾರೋಟಿನ್ ನೀರಿನಲ್ಲಿ ಕರಗುವುದೇ ಇಲ್ಲ. ಕ್ಯಾರೆಟ್‌ಗೆ ಬಿಸಿ ತಟ್ಟಿಸುವುದರಿಂದ ಲಾಭವೇ ಜಾಸ್ತಿ. ನೀರಿಗೆ ಹೋಗುವುದನ್ನೂ ತಡೆಯಬೇಕು ಅಂದರೆ ಇಡ್ಲಿ ಪಾತ್ರೆಯಲ್ಲಿ ಹಬೆ ಕೊಡಿ. ಸಮಯ ಮಾತ್ರ ಒಂದೂವರೆ ಪಟ್ಟು ಬೇಕು. ಒಂದೇ ಪದರ ಹರಡಿ, ಗುಡ್ಡೆ ಹಾಕಿದರೆ ನಡುವಿನದು ಹಸಿಯಾಗೇ ಉಳಿಯುತ್ತದೆ. ಹೆಚ್ಚಿದ ಮೇಲೆ ನೀರಿನಲ್ಲಿ ನೆನೆಹಾಕುವ ಅಭ್ಯಾಸ ಇದ್ದರೆ ಅದನ್ನು ಬಿಡಿ. ತೊಳೆಯುವುದು ಇಡೀ ತರಕಾರಿಯನ್ನು, ಹೆಚ್ಚುವುದು ಆಮೇಲೆ.

ಬಿಸಿಯಿಂದ ತೆಗೆದ ತಕ್ಷಣ ಐಸ್ ನೀರಿಗೆ ಹಾಕಿ. ಎಷ್ಟು ಹೊತ್ತು ಬಿಸಿಯೋ ಅಷ್ಟೇ ಹೊತ್ತು ತಣ್ಣೀರು. ಇಲ್ಲದಿದ್ದರೆ ಒಳಗಿನ ಬಿಸಿಗೇ ಬೆಂದು ಮೆತ್ತಗಾಗುತ್ತದೆ. ಆಮೇಲೆ ಬಟ್ಟೆ ಮೇಲೆ ಹರಡಿ ನೀರು ಆರಿಸಿ. ಫ್ರೀಜರ್‌ಗೆ ಇಡುವಾಗ ಮೊದಲು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿಡಿ, ಕಲ್ಲಾದ ಮೇಲೆ ಕವರ್‌ಗೆ ತುಂಬಿ ಗಾಳಿ ಒತ್ತಿ ತೆಗೆಯಿರಿ.

ನೀವು ಐದು ಕೆ.ಜಿ. ಒಟ್ಟಿಗೆ ಇಟ್ಟಿದ್ದೂ ತಪ್ಪೇ. ಮನೆ ಫ್ರಿಜ್‌ನ ಫ್ರೀಜರ್‌ಗೆ ಅಷ್ಟನ್ನು ಬೇಗ ಗಟ್ಟಿ ಮಾಡುವ ಶಕ್ತಿ ಇಲ್ಲ. ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳು ದೊಡ್ಡದಾಗಿ ಬೆಳೆದು ಜೀವಕೋಶದ ಗೋಡೆ ಹರಿಯುತ್ತದೆ. ಕರಗಿಸಿದಾಗ ನೀರು ಸೋರಿ ಕಾಳು ಜೋಲುತ್ತದೆ. ದಿನಕ್ಕೆ ಒಂದೆರಡು ಕೆ.ಜಿ. ಸಾಕು.

ಎಲ್ಲದಕ್ಕೂ ಇದು ಬೇಡ. ಈರುಳ್ಳಿ, ಬೆಳ್ಳುಳ್ಳಿಯನ್ನು ಬಿಸಿನೀರಿಗೆ ಹಾಕಲೇಬೇಡಿ. ಅವುಗಳ ಘಾಟು ಹುಟ್ಟುವುದೇ ಹೆಚ್ಚಿದಾಗ ಕೆಲಸ ಮಾಡುವ ಕಿಣ್ವದಿಂದ. ಅದನ್ನು ಸಾಯಿಸಿದರೆ ಘಮವೂ ಹೋಯಿತು. ದಪ್ಪ ಮೆಣಸಿನಕಾಯಿ ಹಾಗೇ ಫ್ರೀಜರ್‌ಗೆ ಹೋಗಬಹುದು. ಕರಿಬೇವು, ನುಗ್ಗೆಸೊಪ್ಪನ್ನು ನಾವು ನೆರಳಲ್ಲೇ ಒಣಗಿಸುತ್ತಿದ್ದೆವು, ಬಿಸಿಲಿಗೆ ಇಟ್ಟರೆ ಹಸಿರೂ ಹೋಗುತ್ತದೆ, ಕ್ಯಾರೋಟಿನ್ ಕೂಡ.

ಬದನೆಕಾಯಿ, ಬಾಳೆಕಾಯಿ, ಆಲೂಗಡ್ಡೆ ಕಪ್ಪಾಗುವುದು ಬೇರೊಂದು ಕಿಣ್ವದಿಂದ. ನಮ್ಮ ಅಮ್ಮಂದಿರು ಬಾಳೆಕಾಯಿಯನ್ನು ಮಜ್ಜಿಗೆ ನೀರಿಗೆ, ಬದನೆಕಾಯಿಯನ್ನು ಉಪ್ಪುನೀರಿಗೆ ಹೆಚ್ಚುತ್ತಿದ್ದರಲ್ಲ, ಅದು ಸುಮ್ನೆ ಬಂದ ಪದ್ಧತಿ ಅಲ್ಲ. ನೀರು ಗಾಳಿ ತಾಗದಂತೆ ನೋಡಿಕೊಳ್ಳುತ್ತದೆ, ಮಜ್ಜಿಗೆಯ ಹುಳಿಗೆ ಕಿಣ್ವ ಮಂಕಾಗುತ್ತದೆ. ಆದರೆ ಇದೇ ಹುಳಿಯನ್ನು ಬೀನ್ಸ್‌ಗೆ ತೋರಿಸಬೇಡಿ. ಹಸಿರು ಬಣ್ಣದ ಕಣದ ನಡುವೆ ಮೆಗ್ನೀಶಿಯಂ ಇರುತ್ತದೆ. ಹುಳಿ ಮತ್ತು ಬಿಸಿ ಸೇರಿದರೆ ಅದು ಕಳಚಿಕೊಂಡು ಹಸಿರು ಹೋಗಿ ಮಾಸಲು ಕಂದು ಬರುತ್ತದೆ. ಕೆಲವರು ಚಿಟಿಕೆ ಸೋಡಾ ಹಾಕಿ ಅನ್ನುತ್ತಾರೆ. ಬಣ್ಣ ಚೆನ್ನಾಗೇ ಬರುತ್ತದೆ. ಆದರೆ ಬೀನ್ಸ್ ಲೊಳಲೊಳ ಆಗುತ್ತದೆ, ಬಿ1 ಮತ್ತು ಸಿ ವಿಟಮಿನ್ ಹಾಳಾಗುತ್ತವೆ. ನನಗೆ ಅದು ಒಪ್ಪಿಗೆ ಇಲ್ಲ. ಮಕ್ಕಳು ತಿನ್ನುವ ಊಟಕ್ಕೆ ಬಣ್ಣಕ್ಕಾಗಿ ಸತ್ವ ಕಳೆಯುವುದು ಯಾಕೆ?

ತರಕಾರಿ ಗರಿಗರಿಯಾಗಿ ನಿಲ್ಲಬೇಕು ಅಂದರೆ ಅದಕ್ಕೂ ನಮ್ಮಲ್ಲಿ ದಾರಿ ಇದೆ. ಬೂದುಗುಂಬಳಕಾಯಿ ಪೇಠಾ ಮಾಡುವವರು ಹೋಳುಗಳನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಹಾಕುತ್ತಾರೆ. ತರಕಾರಿಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಅನ್ನುವ ಅಂಟು. ಸುಣ್ಣದ ಕ್ಯಾಲ್ಸಿಯಂ ಅದರ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಹಾಗಾಗಿ ಪಾಕದಲ್ಲಿ ಎಷ್ಟು ಕುದಿಸಿದರೂ ಹೋಳು ಕರಗುವುದಿಲ್ಲ. ಎಲೆ ಅಡಿಕೆಗೆ ಬಳಸುವ ತಿನ್ನುವ ಸುಣ್ಣವೇ ಆಗಬೇಕು, ನಾಲ್ಕೈದು ನೀರಿನಲ್ಲಿ ತೊಳೆಯಬೇಕು. ಕ್ಯಾರೆಟ್‌ನಲ್ಲಿ ಇದನ್ನೇ ಬಿಸಿಯಿಂದಲೂ ಮಾಡಬಹುದು. 60ರಿಂದ 65 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಪೆಕ್ಟಿನ್ ಮೇಲೆ ಕೆಲಸ ಮಾಡುವ ಒಂದು ಕಿಣ್ವ ಎಚ್ಚರವಾಗಿ, ಕ್ಯಾರೆಟ್‌ನಲ್ಲೇ ಇರುವ ಕ್ಯಾಲ್ಸಿಯಂ ಹಿಡಿದು ಗಟ್ಟಿಮಾಡುತ್ತದೆ. ಅಂದರೆ ಮೊದಲು ಒಂದು ಕಿಣ್ವದಿಂದ ಕೆಲಸ ಮಾಡಿಸಿಕೊಂಡು, ಆಮೇಲೆ ಕುದಿಯುವ ನೀರಿನಲ್ಲಿ ಎಲ್ಲವನ್ನೂ ನಿಲ್ಲಿಸುವುದು. ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅದಕ್ಕೆ ಥರ್ಮಾಮೀಟರ್ ಬೇಕು, ಅಂದಾಜಿನಲ್ಲಿ ಮಾಡಲು ಹೋಗಬೇಡಿ.

ಒಣಗಿಸುವಾಗ ಬಿಸಿ 55ರಿಂದ 60 ಡಿಗ್ರಿ ಇರಲಿ. ಬೇಗ ಆಗಲಿ ಅಂತ ಜಾಸ್ತಿ ಕೊಟ್ಟರೆ ಮೇಲ್ಪದರ ಒಣಗಿ ಗಟ್ಟಿ ಚಿಪ್ಪಾಗುತ್ತದೆ, ಒಳಗಿನ ನೀರು ಹೊರಬರಲು ದಾರಿ ಇರುವುದಿಲ್ಲ. ಮುಟ್ಟಿದರೆ ಒಣಗಿದಂತೆ ಇರುತ್ತದೆ, ಹದಿನೈದು ದಿನಕ್ಕೆ ಒಳಗಿನಿಂದ ಬೂಷ್ಟು. ಮಹಡಿ ಮೇಲೆ ಒಣಗಿಸುವುದಾದರೆ ತೆಳು ಬಟ್ಟೆ ಮುಚ್ಚಿ. ಧೂಳಿಗೂ ಆಯಿತು, ನೇರ ಬಿಸಿಲೂ ತಪ್ಪಿತು. ಕ್ಯಾರೆಟ್‌ನಲ್ಲಿ ನೂರಕ್ಕೆ 88ರಷ್ಟು ನೀರೇ ಇರುವುದು. ಹತ್ತು ಕೆ.ಜಿ. ಒಣಗಿಸಿದರೆ ಒಂದೂಕಾಲು ಕೆ.ಜಿ. ಆಸುಪಾಸು ಸಿಗುತ್ತದೆ. ಅದಕ್ಕಿಂತ ಬಹಳ ಜಾಸ್ತಿ ತೂಗಿದರೆ ಇನ್ನೂ ಒಣಗಬೇಕು ಅಂತ ಲೆಕ್ಕ. ಬೆಳಕು ಹೋಗದ ಡಬ್ಬಿಯಲ್ಲಿ ಇಡಿ.

ಅಂಗಡಿಯ ಒಣ ತರಕಾರಿಯಷ್ಟು ಬಣ್ಣ ಬರಲಿಲ್ಲ ಅಂತ ಬೇಸರ ಬೇಡ. ಎಷ್ಟೋ ಕಡೆ ಅದಕ್ಕೆ ಬಣ್ಣ ಕೆಡದಂತೆ ತಡೆಯುವ ಸಲ್ಫೈಟ್ ಅನ್ನುವ ರಾಸಾಯನಿಕ ಬಳಸುತ್ತಾರೆ. ಅಳತೆ ಮೀರದಿದ್ದರೆ ಕಾನೂನಿನಲ್ಲಿ ಅವಕಾಶ ಇದೆ. ಆದರೆ ಅದು ಬಿ1 ವಿಟಮಿನ್ ಕೆಡಿಸುತ್ತದೆ, ಉಬ್ಬಸ ಇರುವ ಕೆಲವರಿಗೆ ಆಗುವುದಿಲ್ಲ. ಮನೆಗೆ ಬೇಡ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಬೇಯಿಸಿದ ತರಕಾರಿಯನ್ನು ಗಾಜಿನ ಬಾಟಲಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ಫ್ರಿಜ್‌ನ ಹೊರಗೆ ಇಡುವ ವಿಡಿಯೊ ನೋಡಿ ಅದನ್ನು ಮಾಡಲು ಹೋಗಬೇಡಿ. ಹುಳಿ ಇಲ್ಲದ, ಗಾಳಿ ಇಲ್ಲದ ಜಾಗದಲ್ಲಿ ಬಾಟ್ಯುಲಿಸಂ ಅನ್ನುವ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಬೀಜಾಣು ಬರೀ ಕುದಿಸಿದರೆ ಸಾಯುವುದಿಲ್ಲ. ಒತ್ತಡದಲ್ಲಿ 121 ಡಿಗ್ರಿ ಬಿಸಿ ಕೊಟ್ಟು, ಲೆಕ್ಕವಾಗಿ ಸಮಯ ಹಿಡಿಯಬೇಕು. ಆ ಬ್ಯಾಕ್ಟೀರಿಯಾ ಬಿಡುವ ವಿಷ ಜೀವ ತೆಗೆಯುತ್ತದೆ. ಮನೆಮಟ್ಟಕ್ಕೆ ಫ್ರೀಜರ್, ಒಣಗಿಸುವುದು, ಉಪ್ಪಿನಕಾಯಿ ಸಾಕು. ಘಟಕ ಮಾಡುವ ಆಸೆ ಇದ್ದರೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ವಿಚಾರಿಸಿ. 1950ರಿಂದ ಆಹಾರ ಸಂಸ್ಕರಣೆಯದೇ ಕೆಲಸ ಅವರದು, ತರಬೇತಿಗಳೂ ಇರುತ್ತವೆ.

ಫ್ರೀಜರ್‌ನಲ್ಲಿ ಉಳಿದಿರುವ ಬೇಳೆಯನ್ನು ಬಿಸಾಡಬೇಡಿ. ಅಷ್ಟೂ ದಿನ ಕರಗದೆ ಗಟ್ಟಿಯಾಗೇ ಇದ್ದರೆ ತಿನ್ನಲು ತೊಂದರೆ ಇಲ್ಲ, ಕೆಟ್ಟಿರುವುದು ರುಚಿ ಮಾತ್ರ. ಎರಡು ನಿಮಿಷ ಕುದಿಸಿ ಆ ನೀರು ಚೆಲ್ಲಿ. ಆಮೇಲೆ ತೆಂಗಿನಕಾಯಿ, ಕೊತ್ತಂಬರಿ, ಬೆಳ್ಳುಳ್ಳಿ, ಚಕ್ಕೆ ಲವಂಗ ಜೋರಾಗಿ ರುಬ್ಬಿ ಹಾಕಿ ಸಾರು ಮಾಡಿ, ವಾಸನೆ ಅಡಗುತ್ತದೆ. ಸೊಗಡು ಮಾತ್ರ ವಾಪಸ್ ಬರುವುದಿಲ್ಲ. ಅದು ಇರುವುದು ಸಿಪ್ಪೆಯ ಮೇಲಿನ ಅಂಟಿನಲ್ಲಿ, ಫ್ರೀಜರ್‌ಗೆ ಬರುವ ಮೊದಲೇ ಅರ್ಧ ಹೋಗಿರುತ್ತದೆ.

ಡಿಸೆಂಬರ್‌ನಲ್ಲಿ ಹೊಸ ಕಾಯಿ ಬಂದಾಗ ಒಂದು ಕೆಲಸ ಮಾಡಿ. ಒಂದೇ ದಿನದ ಬೇಳೆಯಲ್ಲಿ ಅರ್ಧ ಕೆ.ಜಿ. ಅದ್ದಿ ಇಡಿ, ಅರ್ಧ ಕೆ.ಜಿ. ಹಾಗೇ ಇಡಿ, ಕವರ್ ಮೇಲೆ ತಾರೀಖು ಬರೆಯಿರಿ. ಶಿವರಾತ್ರಿ ಆದ ಮೇಲೆ ಎರಡನ್ನೂ ಬರೀ ಉಪ್ಪು ಹಾಕಿ ಬೇರೆಬೇರೆ ಬೇಯಿಸಿ, ಮನೆಯವರಿಗೆ ಯಾವುದು ಯಾವುದು ಅಂತ ಹೇಳದೆ ಕೊಡಿ. ಏನಂದರು ಅಂತ ಇಲ್ಲೇ ಬರೆಯಿರಿ, ನಾನು ಕಾಯುತ್ತಿರುತ್ತೇನೆ.